ಮೊಜಾರ್ಟ್ ಕಾಗದಗಳು: ಆರಿಸಿ ಹಾಕಬೇಕಾ, ಎಲ್ಲವನ್ನೂ ಹಾಕಬೇಕಾ?

ಹಳೇಪುಸ್ತಕ:
18ನೇ ಶತಮಾನದ ಸಂಗೀತಗಾರ ಮೊಜಾರ್ಟ್ ಬರೆದ ಕಾಗದಗಳಲ್ಲಿ ಒಂದಷ್ಟನ್ನು ಆರಿಸಿ ಕನ್ನಡಕ್ಕೆ ತರುತ್ತಿದ್ದೇನೆ. ಅಪ್ಪ ಲಿಯೋಪೋಲ್ಡ್‌ಗೆ, ಹೆಂಡತಿ ಕಾನ್‌ಸ್ಟಾಂಜ್‌ಗೆ ಬರೆದವೇ ಜಾಸ್ತಿ. ಎರಡು ಕಟ್ಟುಗಳನ್ನು ಬಿಟ್ಟುಬಿಡೋಣ ಅಂತಿದ್ದೇನೆ. ಒಂದು, ಆಗ್ಸ್‌ಬರ್ಗ್‌ನಲ್ಲಿದ್ದ ಚಿಕ್ಕಪ್ಪನ ಮಗಳಿಗೆ ಬರೆದವು. ಉಳಿದಿರುವುದು 9. ಬರೀ ಹೊಲಸು ಮಾತು, ಕಕ್ಕಸಿನ ತಮಾಷೆ. ಇನ್ನೊಂದು, ವಿಯೆನ್ನಾದ ಬಟ್ಟೆ ವ್ಯಾಪಾರಿ ಪುಖ್‌ಬರ್ಗ್ ಹತ್ತಿರ ಸಾಲ ಕೇಳಿದವು. ಓದಿದರೆ ಸಂಕಟವಾಗುತ್ತದೆ. ಎರಡೂ ಖಾಸಗಿ, ಸಂಗೀತದ ಮಾತು ಕಡಿಮೆ. ನೀವೇನಂತೀರಿ?

ಶ್ರುತಿಪೆಟ್ಟಿಗೆ:
ಬಿಡುವುದೇ ಸರಿ ಸರ್. ಸತ್ತವರ ಕಾಗದ ತೆಗೆದು ಊರಿಗೆಲ್ಲ ಓದಿ ಹೇಳಲು ನಮಗೇನು ಹಕ್ಕು? ಚಿಕ್ಕಪ್ಪನ ಮಗಳಿಗೆ ಬರೆದವುಗಳ ಬಗ್ಗೆ ಕಾನ್‌ಸ್ಟಾಂಜ್ 1799ರಲ್ಲೇ ಪ್ರಕಾಶಕರಿಗೆ ಬರೆದಿದ್ದಾಳೆ. ರುಚಿ ಕೆಟ್ಟದ್ದು, ಆದರೆ ಚುರುಕಾಗಿವೆ, ಪ್ರಸ್ತಾಪ ಮಾಡಬಹುದು, ಪೂರ್ತಿ ಅಚ್ಚು ಹಾಕುವುದು ಬೇಡ ಅಂತ. ಹೆಂಡತಿಯ ಮಾತಿಗೆ ಅಷ್ಟಾದರೂ ಬೆಲೆ ಕೊಡಬೇಕು, ಅಲ್ವಾ?

ಮಲ್ಲಿಗೆ:
ಹೊಲಸು ಮಾತು ಅವನೊಬ್ಬನ ಚಟವಲ್ಲ. 1777ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಿಂದ ಅವನ ತಾಯಿಯೇ ಗಂಡನಿಗೆ ಇದೇ ಧಾಟಿಯ ಪ್ರಾಸ ಬರೆದಿದ್ದಾಳೆ. ಮನೆಮಂದಿಯೆಲ್ಲ ಹೀಗೆ ಮಾತಾಡಿಕೊಂಡು ನಗುತ್ತಿದ್ದರು. ನೀವು ಮುಚ್ಚಿಟ್ಟರೆ ಓದುಗರಿಗೆ ಅದು ಎಲ್ಲಿಂದಲೋ ತಿಳಿಯುತ್ತದೆ. ಆಗ ಏನೋ ರೋಗ ಇತ್ತು ಅಂತ ಅಂದುಕೊಳ್ಳುತ್ತಾರೆ. ಮನೆಯವರ ಕಾಗದದ ಪಕ್ಕದಲ್ಲೇ ಇಟ್ಟರೆ ಆ ಮಾತೇ ಬರುವುದಿಲ್ಲ.

ತುಂಗಾತೀರ:
ಖಾಸಗಿ ಬೇರೆ, ಸಂಗೀತ ಬೇರೆ ಅಂತ ಪಾಲು ಮಾಡಿದರೆ 1778ರ ಜುಲೈ 3ರ ಕಾಗದವನ್ನು ಯಾವ ಕಡೆ ಇಡುತ್ತೀರಿ?

ಮೊಜಾರ್ಟ್ ಕೆಲಸ ಹುಡುಕಿಕೊಂಡು ತಾಯಿಯ ಜೊತೆ ಪ್ಯಾರಿಸ್‌ಗೆ ಹೋಗಿದ್ದ. ಅಪ್ಪ, ಅಕ್ಕ ಸಾಲ್ಜ್‌ಬರ್ಗ್‌ನಲ್ಲಿ. ಆ ರಾತ್ರಿ ತಾಯಿ ತೀರಿಕೊಂಡಳು. ಆವತ್ತಿನ ತಾರೀಖು ಹಾಕಿಯೇ ಅಪ್ಪನಿಗೆ ಬರೆಯುತ್ತಾನೆ: ಅಮ್ಮನಿಗೆ ತುಂಬಾ ಹುಷಾರಿಲ್ಲ, ದೇವರ ಮೇಲೆ ಭಾರ ಹಾಕಿದ್ದೇನೆ. ಆಮೇಲೆ ಮಾತು ಹೊರಳಿಸಿ ಹೊಸ ಸಿಂಫನಿಯ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿಯ) ಸುದ್ದಿಗೆ ಬರುತ್ತಾನೆ. ಕೊನೆಯ ಭಾಗವನ್ನು ಎಲ್ಲ ವಾದ್ಯಗಳೂ ಒಟ್ಟಿಗೆ ಶುರು ಮಾಡುವುದು ಅಲ್ಲಿನ ರೂಢಿ. ಇವನು ಬರೀ ಪಿಟೀಲುಗಳಿಂದ ಮೆತ್ತಗೆ 8 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ನುಡಿಸಿದ. ಕೇಳುಗರು ‘ಶ್’ ಅಂದರು. ಎಲ್ಲ ವಾದ್ಯಗಳೂ ಜೋರಾಗಿ ಬಂದ ತಕ್ಷಣ ಚಪ್ಪಾಳೆ. ಖುಷಿಯಲ್ಲಿ ಪ್ಯಾರಿಸ್‌ನ ಪ್ಯಾಲೆ ರೊಯಾಲ್ ಅರಮನೆಯ ಕಡೆ ಹೋಗಿ ಐಸ್‌ಕ್ರೀಮ್ ತಿಂದೆ, ಹರಕೆ ಹೊತ್ತ ಜಪಮಾಲೆ ಮುಗಿಸಿ ಮನೆಗೆ ಬಂದೆ ಅನ್ನುತ್ತಾನೆ.

ಅದೇ ರಾತ್ರಿ 2 ಗಂಟೆಗೆ ಇನ್ನೊಂದು ಕಾಗದ. ಇದು ಸಾಲ್ಜ್‌ಬರ್ಗ್‌ನಲ್ಲಿದ್ದ ಮನೆಯ ಆಪ್ತ, ಪಾದ್ರಿ ಬುಲಿಂಗರ್‌ಗೆ. ಅಮ್ಮ ಹೋದಳು, ಅಪ್ಪನ ಮನಸ್ಸನ್ನು ಮೆಲ್ಲಗೆ ಗಟ್ಟಿ ಮಾಡಿ ಅಂತ. ಅಪ್ಪನಿಗೆ ತಾನೇ ನಿಜ ಬರೆದದ್ದು ಜುಲೈ 9ಕ್ಕೆ.

ಇನ್ನು ಅಪ್ಪನ ಕಾಗದ ನೋಡಿ. ಜುಲೈ 12ಕ್ಕೆ ಲಿಯೋಪೋಲ್ಡ್ ಹೆಂಡತಿಯ ನಾಮದಿನಕ್ಕೆ (ಅವಳ ಹೆಸರಿನ ಸಂತರ ಹಬ್ಬಕ್ಕೆ) ಶುಭಾಶಯ ಬರೆಯುತ್ತಾ ಕೂತಿದ್ದಾನೆ. ಅವಳು ಹೋಗಿ ಆಗಲೇ 9 ದಿನ. ಮರುದಿನ ಬೆಳಿಗ್ಗೆ ಮಗನ ಕಾಗದ ಕೈಸೇರುತ್ತದೆ. ಅದೇ ಓಲೆಯನ್ನು ಅಳುತ್ತಾ ಮುಂದುವರಿಸುತ್ತಾನೆ. ಬುಲಿಂಗರ್ ಬಂದು ನಿಜ ಹೇಳಿದ್ದೂ ಅದರಲ್ಲೇ ಇದೆ.

ಬರೀ ಅಪ್ಪನಿಗೆ ಬರೆದದ್ದನ್ನು ಹಾಕಿದರೆ ಇವನೆಂಥ ಕಲ್ಲು ಮನಸ್ಸಿನವನು ಅನ್ನಿಸುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ, 22 ವರ್ಷದ ಹುಡುಗ ಅಪ್ಪನ ಎದೆ ಒಡೆಯಬಾರದು ಅಂತ ಸಿಂಫನಿ ಕಥೆ ಹೇಳುತ್ತಾ ಕೂತಿದ್ದ ಅಂತ ಗೊತ್ತಾಗುತ್ತದೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಬೇರೆಯವರ ಕಾಗದಗಳೂ ಬೇಕು.

ಶ್ರುತಿಪೆಟ್ಟಿಗೆ:
ಇದನ್ನು ಯಾರೂ ಬಿಡು ಅಂದಿಲ್ಲವಲ್ಲ. ನನ್ನ ಪ್ರಶ್ನೆ ಸಾಲದ ಕಾಗದಗಳದ್ದು. 40ನೇ ಸಿಂಫನಿ ಕೇಳಲು ಅವನ ಜೇಬಿನಲ್ಲಿ ಎಷ್ಟಿತ್ತು ಅಂತ ಗೊತ್ತಿರಬೇಕಾ? ಕೈಚಾಚಿ ನಿಂತ ಮನುಷ್ಯನನ್ನು ಯಾಕೆ ತೋರಿಸಬೇಕು?

ಪಿಟೀಲುಮನೆ:
ಗೊತ್ತಿದ್ದರೆ ಒಳ್ಳೆಯದೇ. 40 ಹುಟ್ಟಿದ ಬೇಸಿಗೆಯಲ್ಲೇ, 1788ರ ಜೂನ್‌ನಲ್ಲಿ, ಪುಖ್‌ಬರ್ಗ್ ಹತ್ತಿರ ಸಾವಿರವೋ ಎರಡು ಸಾವಿರವೋ ಗುಲ್ಡನ್ (ಆಗಿನ ಅಲ್ಲಿನ ನಾಣ್ಯ) ಕೇಳುತ್ತಾನೆ. ಪುಖ್‌ಬರ್ಗ್ 200 ಕಳಿಸಿ, ಅದೇ ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಜೂನ್ 26ಕ್ಕೆ ಮೊಜಾರ್ಟ್ 39ನೇ ಸಿಂಫನಿಯನ್ನು ತನ್ನ ಕೃತಿಗಳ ಪಟ್ಟಿಗೆ ಸೇರಿಸುತ್ತಾನೆ. ಮರುದಿನವೇ ಮತ್ತೆ ಸಾಲದ ಕಾಗದ. ಅದರಲ್ಲೇ ಬರೆಯುತ್ತಾನೆ: ಹೊಸ ಮನೆಗೆ ಬಂದ 10 ದಿನದಲ್ಲಿ, ಹಳೇ ಮನೆಯಲ್ಲಿ 2 ತಿಂಗಳಲ್ಲಿ ಮಾಡಿದ್ದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ, ಕರಾಳ ಯೋಚನೆಗಳು ಬರದೇ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅಂತ.

ಈಗ ಆ 39ನ್ನು ಕೇಳಿ. ಕೊನೆಯ ಭಾಗ ಕುಣಿಯುತ್ತದೆ. ದುಃಖ ಇದ್ದಾಗ ದುಃಖದ ಸಂಗೀತ ಬರುತ್ತದೆ ಅನ್ನುವವರಿಗೆ ಆ ಕಾಗದವೇ ಉತ್ತರ. ಅದನ್ನು ತೆಗೆದರೆ ‘40 ಅಳುತ್ತದೆ, ಪಾಪ ಬಡತನ’ ಅನ್ನುವ ಸುಲಭದ ಮಾತು ಮಾತ್ರ ಉಳಿಯುತ್ತದೆ.

ಮಲ್ಲಿಗೆ:
ಅಲ್ಲದೆ, ನಮಗೆ ಸಿಕ್ಕಿರುವುದೇ ಬೇರೆಯವರು ಸೋಸಿ ಉಳಿಸಿದ್ದು. ಕಾನ್‌ಸ್ಟಾಂಜ್‌ಳ ಎರಡನೇ ಗಂಡ ನಿಸೆನ್ ಕೆಲವು ಸಾಲುಗಳನ್ನು ಶಾಯಿಯಿಂದ ಹೊಡೆದುಹಾಕಿದ್ದಾನೆ. ಮಗ ವಿಯೆನ್ನಾದಲ್ಲಿ ನೆಲೆಸಿದ ಮೇಲೆ ಲಿಯೋಪೋಲ್ಡ್ ಬರೆದ ಉತ್ತರಗಳು ಸಿಕ್ಕಿಲ್ಲ. ಖಾಲಿ ಜಾಗವನ್ನು ಸುಳ್ಳು ಬಂದು ತುಂಬುತ್ತದೆ. 1815ರಲ್ಲಿ ರೋಖ್ಲಿಟ್ಸ್ ಅನ್ನುವವನು ಲೈಪ್‌ಜಿಗ್‌ನ ಸಂಗೀತ ಪತ್ರಿಕೆಯಲ್ಲಿ ಮೊಜಾರ್ಟ್ ಕಾಗದ ಅಂತ ಒಂದನ್ನು ಅಚ್ಚು ಹಾಕಿದ. ಇಡೀ ಕೃತಿ ತಲೆಯಲ್ಲೇ ಒಮ್ಮೆಗೇ ಮೂಡಿಬಿಡುತ್ತದೆ ಅಂತ ಅದರಲ್ಲಿದೆ. ಅದು ಖೋಟಾ ಅಂತ ವಿದ್ವಾಂಸರು ಯಾವತ್ತೋ ಹೇಳಿದರೂ ಜನ ಇನ್ನೂ ಅದನ್ನೇ ಎತ್ತಿ ಹೇಳುತ್ತಾರೆ. ಆದರೆ 1781ರ ಸೆಪ್ಟೆಂಬರ್ 26ರ ಅಸಲಿ ಕಾಗದದಲ್ಲಿ, ತನ್ನ ಒಂದು ಒಪೆರಾದ (ಹಾಡುನಾಟಕದ) ಒಸ್ಮಿನ್ ಪಾತ್ರದ ಸಿಟ್ಟಿನ ಹಾಡನ್ನು ಹೇಗೆ ಕಟ್ಟಿದೆ ಅಂತ ಅಪ್ಪನಿಗೆ ಹಂತಹಂತವಾಗಿ ವಿವರಿಸುತ್ತಾನೆ. ಸಿಟ್ಟು ಎಷ್ಟೇ ಏರಿದರೂ ಕಿವಿಗೆ ಹಿಂಸೆಯಾಗಬಾರದು, ಸಂಗೀತ ಸಂಗೀತವಾಗಿಯೇ ಇರಬೇಕು ಅನ್ನುತ್ತಾನೆ. ಹಾಗೆ ಯೋಚಿಸಿ ಕಟ್ಟುವವನನ್ನು ಬಿಟ್ಟು ಖೋಟಾ ಕಾಗದದ ಮಾಂತ್ರಿಕನನ್ನು ಯಾಕೆ ನಂಬಬೇಕು?

ಹಳೇಪುಸ್ತಕ:
ಸಾಲದ ಕಾಗದಗಳನ್ನು ಪುಖ್‌ಬರ್ಗ್ ಗುರುತಿನ ಸಮೇತ ಹಾಕುತ್ತೇನೆ. ಬುಲಿಂಗರ್ ಕಾಗದ, ಲಿಯೋಪೋಲ್ಡ್‌ನ ಜುಲೈ 12–13ರದ್ದು, ತಾಯಿಯದ್ದು, ಎಲ್ಲ ತಾರೀಖಿನ ಪ್ರಕಾರ. ಸಾಲ್ಜ್‌ಬರ್ಗ್‌ನ ಮೊಜಾರ್ಟಿಯಂ ಸಂಸ್ಥೆ ಮೂಲವನ್ನು ಆನ್‌ಲೈನ್‌ನಲ್ಲಿ ಇಟ್ಟಿರುವುದರಿಂದ ಒಂದೊಂದನ್ನೂ ಹೋಲಿಸಿ ನೋಡಬಹುದು. ಚಿಕ್ಕಪ್ಪನ ಮಗಳಿಗೆ ಬರೆದವುಗಳಲ್ಲಿ ಎರಡನ್ನು, ಒಂದು ಸಾಲೂ ಕತ್ತರಿಸದೆ. ಸರಿನಾ?

ಶ್ರುತಿಪೆಟ್ಟಿಗೆ:
ಸಾಲದ್ದು ಸರಿ. ಪಿಟೀಲುಮನೆಯವರು ಹೇಳಿದ ಆ ಎರಡು ತಾರೀಖು ಅಕ್ಕಪಕ್ಕ ಬರಲಿ. ಚಿಕ್ಕಪ್ಪನ ಮಗಳದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಅವಳು 1841ರವರೆಗೆ ಬದುಕಿದ್ದಳು. ಅವಳು ಅವನಿಗೆ ಬರೆದ ಉತ್ತರಗಳು ಉಳಿದಿಲ್ಲ. ಅವನು ಅಪ್ಪನಿಗೆ ಬರೆದಾಗ ಅಪ್ಪನ ಮಾತೂ ಎಷ್ಟೋ ಕಡೆ ನಮ್ಮ ಕೈಲಿದೆ. ಇವಳ ವಿಷಯದಲ್ಲಿ ಇವನ ಮಾತು ಮಾತ್ರ. ಹಾಕಲೇಬೇಕು ಅಂತಿದ್ದರೆ, ಆ ಎರಡರ ಮುಂದೆ ಇವಳು ಯಾರು ಅಂತ ಒಂದು ಪುಟವಾದರೂ ಬರೆಯಿರಿ.