ರಾತ್ರಿ ಪಾಳಿಗೆ ಒಬ್ಬನೇ ಆಪರೇಟರ್, ಏನು ಮಾಡಲಿ?

ಪ್ರಶ್ನೆ (ಮಲ್ಪೆಯಿಂದ): ನಮ್ಮದು ಚಿಕ್ಕ ಐಸ್ ಪ್ಲಾಂಟ್. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ, ಆಮೇಲೆ ರಾತ್ರಿಯಿಡೀ ಓಡಿಸಬೇಕು. ರಾತ್ರಿಗೆ ಒಬ್ಬನೇ ಆಪರೇಟರ್. ಇನ್ನೊಬ್ಬನನ್ನು ಇಡುವ ಶಕ್ತಿ ಸದ್ಯಕ್ಕಿಲ್ಲ. ಅವನ ಸುರಕ್ಷತೆಗೆ ನಾನು ಏನೇನು ಮಾಡಬೇಕು? ಅನುಭವ ಇದ್ದವರು ಹೇಳಿ.

ಪ್ಲಾಂಟ್ ನಡೆಸಿದವರು, ಮಂಗಳೂರು: ನನ್ನದೇ ತಪ್ಪು ಹೇಳ್ತೇನೆ ಮಾರಾಯ್ರೇ. ನಮ್ಮ ಹುಡುಗ ರಾತ್ರಿ ಎರಡಕ್ಕೆ ಜಾರಿ ಬಿದ್ದು ಕಾಲು ಮುರಿದುಕೊಂಡ. ಮೊಬೈಲ್ ಇತ್ತು, ಆದರೆ ಮೊಳೆಗೆ ತೂಗುಹಾಕಿದ ಅಂಗಿಯ ಕಿಸೆಯಲ್ಲಿ! ಬೆಳಿಗ್ಗೆ ಲೋಡಿಂಗಿನವರು ಬರುವವರೆಗೆ ಅಲ್ಲೇ ಬಿದ್ದಿದ್ದ. ಆಮೇಲೆ ಗಂಟೆಗೊಮ್ಮೆ ಫೋನ್ ಮಾಡಬೇಕು ಅಂತ ಮಾಡಿದೆವು. ಒಂದು ರಾತ್ರಿ ಫೋನೇ ಬರಲಿಲ್ಲ. ನಿದ್ದೆ ಹೋಗಿರಬೇಕು ಅಂದುಕೊಂಡು ನಾನು ಮಗ್ಗುಲು ಬದಲಿಸಿದೆ. ನಿಜಕ್ಕೂ ನಿದ್ದೆಯೇ ಹೋಗಿದ್ದ, ಅದು ಬೇರೆ ಮಾತು. ಫೋನ್ ಬರದಿದ್ದರೆ ಯಾರು ಎದ್ದು ಹೋಗುವುದು, ಎಷ್ಟು ನಿಮಿಷದೊಳಗೆ, ಇದನ್ನು ಮೊದಲೇ ಗೊತ್ತು ಮಾಡಿ. ಇಲ್ಲದಿದ್ದರೆ ಆ ಫೋನ್ ಸುಮ್ನೆ. ನಾವು ಪಕ್ಕದ ಪ್ಲಾಂಟಿನವರ ಹತ್ತಿರ ಮಾತಾಡಿದೆವು. ಅವರ ಆಪರೇಟರ್ ಬಂದು ನಮ್ಮವನನ್ನು ನೋಡುವುದು, ನಮ್ಮವ ಹೋಗಿ ಅವನನ್ನು. ಖರ್ಚು ಎರಡು ಚಹಾ.

ಇನ್ನು ಅಮೋನಿಯಾ, ಐಸ್ ಮಾಡಲು ಯಂತ್ರದಲ್ಲಿ ಓಡುವ ವಿಷದ ಗ್ಯಾಸ್. ಕಂಪ್ರೆಸರ್ ಲೈನಿನಿಂದ ಆಯಿಲ್ ತೆಗೆಯುವುದು, ವಾಲ್ವ್ ಬಿಚ್ಚುವುದು, ಟ್ಯಾಂಕಿಗೆ ಇಳಿಯುವುದು, ಇವೆಲ್ಲ ಹಗಲಿಗೇ ಇರಲಿ, ಇಬ್ಬರಿರುವಾಗ. ರಾತ್ರಿ ಲೀಕ್ ಆದರೆ ಅವನು ರಿಪೇರಿಗೆ ಕೈ ಹಾಕಬಾರದು. ಹೊರಗೆ ಓಡಿ, ಗಾಳಿ ಬರುವ ಕಡೆ ನಿಂತು, 112ಕ್ಕೆ ಫೋನ್ ಮಾಡಬೇಕು. ಗಾಳಿ ಎತ್ತ ಅಂತ ತಿಳಿಯಲು ಮಾಡಿನ ಮೇಲೆ ಒಂದು ಬಟ್ಟೆ ಚೀಲ ಕಟ್ಟಿ. ಐಸ್ ಹಾಳಾದರೆ ಹಾಳಾಗಲಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಯಜಮಾನರು ಬೈತಾರೆ ಅಂತ ಒಳಗೇ ನಿಲ್ತಾನೆ.

ಲೆಕ್ಕಪತ್ರ ನೋಡುವವರು, ಉಡುಪಿ: ಹತ್ತು ಜನ ಇದ್ದರೆ ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಉಂಟು. ಕಮ್ಮಿ ಇದ್ದರೆ ಬಚಾವ್ ಅಂತ ಅಲ್ಲ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಲ್ಲೇ ಬಂದಿದೆ. ಇನ್ಶೂರೆನ್ಸ್ ಮಾಡಿಸಿಡಿ.

ಆಪರೇಟರ್, ಮಲ್ಪೆ: ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ನನ್ನ ಹಳೇ ಯಜಮಾನರು ಕಳ್ಳರ ಹೆದರಿಕೆಗೆ ರಾತ್ರಿ ಗೇಟಿಗೆ ಹೊರಗಿನಿಂದ ಬೀಗ ಹಾಕಿ ಮನೆಗೆ ಹೋಗ್ತಿದ್ದರು. ಗ್ಯಾಸ್ ಬಂದರೆ ನಾನು ಓಡುವುದು ಎಲ್ಲಿಗೆ ಸ್ವಾಮಿ? ಬೀಗ ಒಳಗಿನಿಂದ ಹಾಕಲಿಕ್ಕೆ ಬಿಡಿ, ಕೀ ನಮ್ಮ ಹತ್ತಿರ ಇರಲಿ.