ತೊರಾಂಗ್ ಲಾ ಒಬ್ಬರೇ ದಾಟಿದವರು ಇದ್ದೀರಾ?

ಪೆರ್ಲದ ತೋಟದವ:
ನನಗೆ 47 ವರ್ಷ. ಎಡ ಮೊಣಕಾಲು ಸ್ವಲ್ಪ ತಕರಾರಿನದ್ದು. ಅಕ್ಟೋಬರಿನಲ್ಲಿ, ಅಡಿಕೆಯ ಮೊದಲ ಕೊಯ್ಲಿಗೆ ಮುಂಚೆ, ನೇಪಾಳದಲ್ಲಿ ಬೆಟ್ಟಗಳ ನಡುವೆ ಹಾಯುವ ತೊರಾಂಗ್ ಲಾ ದಾರಿ (5,416 ಮೀಟರ್) ದಾಟಿ ಮುಕ್ತಿನಾಥಕ್ಕೆ ಇಳಿಯಬೇಕೆಂದಿದ್ದೇನೆ. ಈಚೆ ಬುಡದ ತಂಗುದಾಣ ಫೇದಿಯಿಂದ ಮುಕ್ತಿನಾಥದವರೆಗಿನ ಆ ಒಂದು ದಿನವನ್ನಾದರೂ ಒಬ್ಬನೇ ನಡೆಯುವ ಆಸೆ. ವಾರಕ್ಕೆ ಎರಡು ಸಲ ನಮ್ಮ ಕಡೆಯ ಪೊಸಡಿ ಗುಂಪೆ ಗುಡ್ಡ ಹತ್ತುತ್ತಿದ್ದೇನೆ. ಆ ಇಳಿಜಾರನ್ನು ಮೊಣಕಾಲು ತಾಳೀತೇ? ಹೋದವರು ಹೇಳಿ.

ನೀರ್ಚಾಲಿನ ನಿವೃತ್ತ ಮಾಸ್ತರ:
ಗುಂಪೆ ಹತ್ತುವುದು ಕಾಲಿಗೆ ಒಳ್ಳೆಯದು, ಉಸಿರಿಗೆ ಅದರಿಂದ ಏನೂ ಆಗದು. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲ ಬದಿಯ ಅರ್ಧದಷ್ಟು. ನಾನು ಹೋದದ್ದು 2018ರಲ್ಲಿ, ನಿವೃತ್ತನಾದ ಮರುವರ್ಷ, ಪೂರ್ತಿ ಒಬ್ಬನೇ. ಪೂರ್ತಿ ಎಂದರೆ ಪೂರ್ತಿ.

ನಸುಕಿನ 3.50ಕ್ಕೆ ಫೇದಿ ಬಿಟ್ಟೆ. ಹೊತ್ತೇರಿದ ಮೇಲೆ ಗಾಳಿ ಅಲ್ಲಿ ಯಾರನ್ನೂ ನಿಲ್ಲಗೊಡುವುದಿಲ್ಲ. ಮೇಲಿನ ತಂಗುದಾಣ ಹೈಕ್ಯಾಂಪ್‌ವರೆಗೆ ಏಣಿಯಂಥ ಏರು. ಬೆನ್ನಚೀಲದಿಂದ ಬಾಯಿಗೆ ಬರುವ ನೀರಿನ ಕೊಳವೆ ಅರ್ಧ ಗಂಟೆಯಲ್ಲಿ ಮಂಜುಗಟ್ಟಿತು. ಹೀರಿದರೂ ಇಲ್ಲ, ಊದಿದರೂ ಇಲ್ಲ. ಮಾಂಬಳದ ತುಂಡು ಚಪ್ಪಲಿಯ ಅಟ್ಟೆಯಂತಾಗಿತ್ತು. ಅದನ್ನು ಮುರಿಯಲೆಂದು ಬಲಗೈಯ ಗವಸು ಬಿಚ್ಚಿದೆ, ಗಾಳಿ ಅದನ್ನು ಹೊತ್ತುಕೊಂಡೇ ಹೋಯಿತು. ದಾರಿಯಲ್ಲಿ ಸಿಗುವ ಮನಾಂಗ್ ಊರಿನಲ್ಲಿ 1,200 ನೇಪಾಳಿ ರೂಪಾಯಿ ಕೊಟ್ಟು ಕೊಂಡದ್ದು, ನಮ್ಮ ಲೆಕ್ಕದಲ್ಲಿ 750. ಒಂದೇ ಗವಸು ಇಂದಿಗೂ ಕಪಾಟಿನಲ್ಲಿದೆ. ಆಮೇಲೆ ಕೈಗೆ ಕಾಲುಚೀಲ ಹಾಕಿಕೊಂಡು ನಡೆದೆ.

ಇದೇ ಕೊನೆಯೆಂದು ಏರಿದ ದಿಬ್ಬದ ಹಿಂದೆ ಇನ್ನೊಂದು ದಿಬ್ಬ, ಹೀಗೆ ಆರೇಳು. 8.25ಕ್ಕೆ ಪತಾಕೆಗಳು ಕಂಡವು. ಅಲ್ಲಿ ಒಂದು ಚಹಾದ ಗುಡಿಸಲಿದೆ. ಅಂಥ ಚಹಾ ಮತ್ತೆ ಕುಡಿದಿಲ್ಲ. ಮುಕ್ತಿನಾಥದಲ್ಲಿ 108 ಧಾರೆಗಳಿಗೂ ತಲೆಯೊಡ್ಡಿ ನಡುಗುತ್ತಾ ನಿಂತಿದ್ದಾಗ ಜೀಪಿನಲ್ಲಿ ಬಂದಿಳಿದ ಯಾತ್ರಿಕರೊಬ್ಬರು ಅವಲಕ್ಕಿ ಕೊಟ್ಟು, "ನಿಮಗೆ ಜೀಪು ಎಷ್ಟಕ್ಕೆ ಸಿಕ್ಕಿತು?" ಎಂದು ಕನ್ನಡದಲ್ಲೇ ಕೇಳಿದರು. ಗುಡ್ಡದತ್ತ ಕೈ ತೋರಿಸಿದೆ. ಅವರು ನಂಬಲಿಲ್ಲ.

ಬದಿಯಡ್ಕದ ಔಷಧಿ ಅಂಗಡಿಯವ:
ಮಾಸ್ತರರದ್ದು ಗೆದ್ದವರ ಕಥೆ. ನನ್ನದನ್ನೂ ಕೇಳಿ. ಮನಾಂಗಿನಲ್ಲಿ (3,540 ಮೀಟರ್) ಒಂದು ದಿನ ಹೆಚ್ಚು ನಿಲ್ಲಬೇಕೆಂದು ಎಲ್ಲರೂ ಹೇಳಿದ್ದರು. ಗೋರಖಪುರದಿಂದ ವಾಪಸು ರೈಲಿಗೆ ಸೀಟು ಕಾದಿರಿಸಿ ಆಗಿತ್ತು, ನಿಲ್ಲಲಿಲ್ಲ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ದಿನವೂ ನಾನೇ ಮಾರುವವನು. ಬೆರಳು ಜುಮುಗುಡುತ್ತದೆ, ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಬೇಕಾಗುತ್ತದೆ ಎಂದು ಚೀಲದಲ್ಲಿಯೇ ಬಿಟ್ಟೆ. ಹೈಕ್ಯಾಂಪಿನಲ್ಲಿ ಅಡಿಕೆ ಸುಲಿಯುವ ಯಂತ್ರ ತಲೆಯೊಳಗೇ ತಿರುಗಿದ ಹಾಗೆ. 900 ರೂಪಾಯಿಯ ದಾಲ್ ಭಾತ್ ಹತ್ತು ನಿಮಿಷವೂ ಒಳಗೆ ನಿಲ್ಲಲಿಲ್ಲ. ಬೆಳಿಗ್ಗೆ ಕುದುರೆಯವನು ಬಂದ. 20,000 ನೇಪಾಳಿ ರೂಪಾಯಿ. 1.6ರಿಂದ ಭಾಗಿಸಿ, 12,500. ಚೌಕಾಸಿ ಮಾಡುವ ಶಕ್ತಿಯೂ ಇರಲಿಲ್ಲ. ಆ ದುಡ್ಡಿಗೆ ಎಷ್ಟು ಮೈಲುತುತ್ತು ಬರುತ್ತಿತ್ತು ಎಂದು ಕುದುರೆಯ ಮೇಲೆ ಕುಳಿತು ಲೆಕ್ಕ ಹಾಕಿದ್ದೇನೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಮೇಲಿನ ಫಲಕದ ಮುಂದೆ ಫೋಟೋ ಇದೆ, ಕುದುರೆ ಚೌಕಟ್ಟಿನ ಹೊರಗೆ.

ಕುಂಬಳೆಯ ನರ್ಸ್:
ಅಣ್ಣ, ವಾಂತಿ, ತಲೆನೋವು ಎರಡೂ ಇದ್ದವನು ಇನ್ನೂ ಐನೂರು ಮೀಟರ್ ಮೇಲೆ ಹೋದದ್ದನ್ನು ತಮಾಷೆಯಂತೆ ಬರೆಯುತ್ತೀರಲ್ಲ? ಮೇಲೇರದೆ ನಿಲ್ಲುವುದು, ಕಡಿಮೆಯಾಗದಿದ್ದರೆ ಇಳಿಯುವುದು, ಇದೇ ಅದಕ್ಕೆ ಮದ್ದು. ಮಿದುಳಿಗೆ ನೀರು ಸೇರಿದ್ದರೆ ಕುದುರೆಯವನು ಏನು ಮಾಡುತ್ತಿದ್ದ? ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನವರು ಮನಾಂಗಿನಲ್ಲಿ ಸೀಸನ್ನಿನಲ್ಲಿ ಕೂಗಿ ಕೂಗಿ ಹೇಳುವುದೇ ಇದನ್ನು.

ನಾನು ಗೈಡ್ ಇಟ್ಟುಕೊಂಡೇ ಹೋದೆ. ದಿನಕ್ಕೆ 3,500ರಂತೆ 12 ದಿನಕ್ಕೆ 42,000 ನೇಪಾಳಿ ರೂಪಾಯಿ, ಅಂದರೆ 26,250. ಬಖ್ಶೀಸು ಬೇರೆ. ಮನೆಯಲ್ಲಿ ಇನ್ನೂ ಆ ಲೆಕ್ಕ ಎತ್ತುತ್ತಾರೆ, ಎತ್ತಲಿ. 2023ರ ಏಪ್ರಿಲ್ 1ರಿಂದ ಅಲ್ಲಿ ವಿದೇಶೀಯರು ಗೈಡ್ ಇಲ್ಲದೆ ಚಾರಣ ಮಾಡಬಾರದು ಎಂಬ ನಿಯಮವೇ ಇದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತ ಎರಡೇ ದಿನಗಳಲ್ಲಿ ಅಲ್ಲಿ ಹಿಮವಾಗಿ ಸುರಿಯಿತು. 40ಕ್ಕೂ ಹೆಚ್ಚು ಜನ ಸತ್ತರು. ಅದೂ ಅಕ್ಟೋಬರ್ ತಿಂಗಳೇ. ಮಾಸ್ತರರಿಗೆ ಆ ದಿನ ಆಕಾಶ ತಿಳಿಯಾಗಿತ್ತು, ಅಷ್ಟೇ.

ನೀರ್ಚಾಲಿನ ನಿವೃತ್ತ ಮಾಸ್ತರ:
ಅಷ್ಟೇ ಅಲ್ಲ ಅಕ್ಕ. ಎರಡು ರಾತ್ರಿ ಮನಾಂಗಿನಲ್ಲಿ, ಒಂದು ರಾತ್ರಿ ಯಾಕ್ ಖರ್ಕದಲ್ಲಿ ಉಳಿದು, ಮೂಡು ಪಡುವ ನೋಡಿಕೊಂಡೇ ಹೊರಟವನು ನಾನು. 2014ರಲ್ಲಿ ಗೈಡುಗಳೂ ಸತ್ತರು, ಅದನ್ನೂ ಬರೆಯಿರಿ. ಮುಂದೊಬ್ಬ ದಾರಿ ತೋರಿಸಿಕೊಂಡು, ಚೀಲವನ್ನೂ ಹೊತ್ತುಕೊಂಡು ಹೋದರೆ ಅದಕ್ಕೆ ದಿಬ್ಬಣ ಎನ್ನುತ್ತಾರೆ.

ಕುಂಬಳೆಯ ನರ್ಸ್:
ಚೀಲ ನಾನೇ ಹೊತ್ತಿದ್ದೆ. ಒಂಬತ್ತು ಕಿಲೋ. ನಿಯಮ ಬರುವ ಮುಂಚೆ ಹೋದವರಿಗೆ ಬಾಯಿ ಜೋರು.

ಮುಳ್ಳೇರಿಯದ ಸಾಫ್ಟ್‌ವೇರ್ ಹುಡುಗ:
ಜಗಳ ಯಾಕೆ? ನೇಪಾಳವೇ ಯಾಕೆ? ಹಿಮಾಚಲದ ಹಂಪ್ಟಾ ಪಾಸ್ (4,270 ಮೀಟರ್) ನಾನು ಎರಡು ಸಲ ದಾಟಿದ್ದೇನೆ. ಈಚೆಗೆ ಕುಲ್ಲು ಕಡೆಯ ಹಸಿರು, ಆಚೆಗೆ ಲಾಹೌಲಿನ ಬೋಳು ಕಲ್ಲು. ಒಂದೇ ಹೆಜ್ಜೆಯಲ್ಲಿ ಮಡಿಕೇರಿಯಿಂದ ಲಡಾಖಿಗೆ ಬಂದಂತೆ. ಬಾಡಿಗೆಗೆ ತಂದ ಶೂವಿನ ಅಡಿ ಮಾತ್ರ ಮೇಲೆಯೇ ಕಳಚಿತು. ದಿನಕ್ಕೆ 100 ರೂಪಾಯಿ ಬಾಡಿಗೆ, 1,500 ಮುಂಗಡ. ಅಡಿ ಕಳಚಿದ್ದಕ್ಕೆ ಮುಂಗಡವನ್ನೇ ಹಿಡಿದುಕೊಂಡರು. ಅಂಗಡಿಯವನೊಡನೆ ಒಂದು ಗಂಟೆ ವಾದಿಸಿದ್ದೇನೆ.

ನೀರ್ಚಾಲಿನ ನಿವೃತ್ತ ಮಾಸ್ತರ:
"ಪಾಸ್" ಯಾಕಪ್ಪ? ಕಣಿವೆ ಎನ್ನಬಾರದೇ? "ತೊರಾಂಗ್ ಲಾ ಪಾಸ್" ಎಂದು ಬರೆಯುವವರೂ ಇದ್ದಾರೆ. ಟಿಬೆಟನ್ನಿನಲ್ಲಿ "ಲಾ" ಎಂದರೇ ಕಣಿವೆ. ಗೇಟು ಬಾಗಿಲು ಎಂದ ಹಾಗಾಯಿತು.

ಮುಳ್ಳೇರಿಯದ ಸಾಫ್ಟ್‌ವೇರ್ ಹುಡುಗ:
ಕಣಿವೆ ಎಂದರೆ ತಗ್ಗು, ಮಾಸ್ತರರೇ. 5,416 ಮೀಟರಿನ ತಗ್ಗೇ? ಮಲಯಾಳದಲ್ಲಿ ಚುರಂ ಎಂದರೆ ಮುಗಿಯಿತು, ಎಲ್ಲರಿಗೂ ಅರ್ಥವಾಗುತ್ತದೆ.

ನೀರ್ಚಾಲಿನ ನಿವೃತ್ತ ಮಾಸ್ತರ:
ಎಲ್ಲರಿಗೂ ಎಂದರೆ ಯಾರಿಗೆ? ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದಾಗ ಬಿಸಿಲಿನಲ್ಲಿ ಧರಣಿ ಕುಳಿತವರು ನಾವು. ನೀನು ಒಂದು ಶಬ್ದಕ್ಕೆ ಸೋಮಾರಿತನ ಮಾಡಿ ಅದನ್ನೂ ಬಿಟ್ಟುಕೊಡು. ಎರಡು ಬೆಟ್ಟಗಳ ನಡುವೆ ಹಾಯ್ದು ಹೋಗುವ ದಾರಿಯೇ ಕಣಿವೆ. ನದಿಯ ತಗ್ಗಿಗೆ ಆ ಹೆಸರನ್ನು ಅಂಟಿಸಿದ್ದು ನಿಮ್ಮ ಪಠ್ಯಪುಸ್ತಕ.

ಕುಂಬಳೆಯ ನರ್ಸ್:
ಪುಸ್ತಕ ಕಲಿಸಿದವರು ನೀವೇ ಅಲ್ಲವೇ?

ಪೆರ್ಲದ ತೋಟದವ:
ನಾನು ಕೇಳಿದ್ದು ಮೊಣಕಾಲಿನ ವಿಷಯ.

ಬದಿಯಡ್ಕದ ಔಷಧಿ ಅಂಗಡಿಯವ:
ಹೌದಲ್ಲ! ನೆತ್ತಿಯಿಂದ ಮುಕ್ತಿನಾಥಕ್ಕೆ ಸುಮಾರು 1,600 ಮೀಟರ್ ಇಳಿತ, ಅದೂ ಒಂದೇ ಉಸಿರಿಗೆ. ಮೇಲೆ ಕುದುರೆಯವನು ಹಿಂದೆ ಹೋದ, ಇಳಿದದ್ದು ನಾನೇ. ಸಡಿಲ ಜಲ್ಲಿ, ಹೆಜ್ಜೆ ಇಟ್ಟಲ್ಲಿ ನಿಲ್ಲುವುದಿಲ್ಲ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಊರಿಗೆ ಬಂದ ಮೇಲೆ ಬಿದ್ದವು. ಮೊಣಕಾಲು ಮೂರು ವಾರ ಮೆಟ್ಟಿಲು ಇಳಿಯಗೊಡಲಿಲ್ಲ, ಅಂಗಡಿಯ ಅಟ್ಟಕ್ಕೆ ಕೆಲಸದ ಹುಡುಗನನ್ನೇ ಹತ್ತಿಸುತ್ತಿದ್ದೆ. ಗುಂಪೆ ಹತ್ತುವುದನ್ನು ಎಣಿಸಬೇಡಿ, ಹೊರೆ ಹೊತ್ತು ಇಳಿಯುವುದನ್ನು ಎಣಿಸಿ.

ಊರುಗೋಲು ಎರಡು ತಂದಿದ್ದೆ, ಒಂದು ಕುದುರೆಯ ಜೀನಿನಲ್ಲಿಯೇ ಹೋಯಿತು. ಉಳಿದದ್ದು ಅಂಗಡಿಯ ಹಿಂದೆ ಮೂಲೆಯಲ್ಲಿದೆ. ಬದಿಯಡ್ಕಕ್ಕೆ ಬಂದಾಗ ಕೊಂಡುಹೋಗಿ. ಬಾಡಿಗೆ ಬೇಡ. ಜತೆಗೆ ಇನ್ನೊಂದನ್ನು ನೀವೇ ಕೊಳ್ಳಬೇಕು, ಒಂದರಿಂದ ಏನೂ ಆಗದು.

ನೀರ್ಚಾಲಿನ ನಿವೃತ್ತ ಮಾಸ್ತರ:
ನನ್ನ ಹತ್ತಿರ ಎಡಗೈಯ ಗವಸು ಇದೆ. ಬೇಕಾದರೆ ಅದೂ.