ಅಪ್‌ಡೇಟ್: ಕಾಸರಗೋಡಿನ ಬದಿಯಡ್ಕದಿಂದ ಕ್ರೀಡಾ ನಿರೂಪಕನಾಗಲು ಹೊರಟವನು

ಕಳೆದ ವರ್ಷ ಇಲ್ಲಿ ಕೇಳಿದ್ದೆ: ಅಂಗಡಿಯ ಲೆಕ್ಕ ಬರೆಯುವ ಕೆಲಸ ಬಿಟ್ಟು ರೇಡಿಯೋದಲ್ಲಿ ಕ್ರೀಡಾ ನಿರೂಪಕನಾಗಬಹುದೇ ಎಂದು. ಹೆಚ್ಚಿನವರು 'ಕೆಲಸ ಬಿಡಬೇಡ, ಮೊದಲು ಆಕಾಶವಾಣಿಯ ಧ್ವನಿ ಪರೀಕ್ಷೆಗೆ ಹೋಗು' ಎಂದಿರಿ. ಹಾಗೇ ಮಾಡಿದೆ.

ಮೊದಲ ಸಲ ಆಯ್ಕೆಯಾಗಲಿಲ್ಲ. ಓದುವಾಗ ವಾಕ್ಯದ ಕೊನೆಯನ್ನು ಮಲಯಾಳದ ಧಾಟಿಯಲ್ಲಿ ಎಳೆಯುತ್ತಿದ್ದೆ, ನನಗೇ ಗೊತ್ತಿರಲಿಲ್ಲ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕಾಸರಗೋಡಿನವರ ನಾಲಗೆ ಹೀಗೆಯೇ ಬೆಳೆಯುವುದು. ಆರು ತಿಂಗಳು ದಿನಪತ್ರಿಕೆಯ ಕ್ರೀಡಾಪುಟವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದೆ. ಎರಡನೇ ಸಲ ದಾಟಿದೆ. ಈಗ ಹಂಗಾಮಿ ಉದ್ಘೋಷಕ. ಆದರೆ ತಿಂಗಳಿಗೆ ಸಿಗುವುದು ಹೆಚ್ಚೆಂದರೆ ಆರು ಪಾಳಿ, ಅದರಿಂದ ಮನೆ ನಡೆಯದು. ಅಂಗಡಿ ಬಿಟ್ಟಿಲ್ಲ.

ನಿಜವಾಗಿ ಕಲಿತದ್ದು ಊರಿನ ಕಬಡ್ಡಿ ಅಂಕಣಗಳಲ್ಲಿ. ಒಂದು ರೈಡ್‌ಗೆ (ದಾಳಿಗೆ) ಇರುವುದು 30 ಸೆಕೆಂಡು. ಅಷ್ಟರಲ್ಲಿ ಯಾರು ಹೋದ, ಎದುರು ಎಷ್ಟು ಜನ, ಹೆಚ್ಚುವರಿ ಅಂಕದ ಬೋನಸ್ ಗೆರೆ ದಾಟಿದನೇ, ಅಂಕ ಎಷ್ಟು ಎಲ್ಲ ಹೇಳಬೇಕು. ಅಂಕಣದ ಮೈಕಿನಲ್ಲಿ ಕೂಗಿದರೆ ಸಾಕು, ಜನ ಕಣ್ಣಾರೆ ನೋಡುತ್ತಾರೆ. ರೇಡಿಯೋ ಕೇಳುವ ಅಜ್ಜನಿಗೆ ಅಂಕವನ್ನು ಮತ್ತೆ ಮತ್ತೆ ಹೇಳದಿದ್ದರೆ ಆಟವೇ ಇಲ್ಲ.

ಖಾಸಗಿ ಎಫ್‌ಎಂ ಬಗ್ಗೆ ಕೇಳಿದವರಿಗೆ: ಅವು ಸ್ವಂತ ವಾರ್ತೆ ಓದುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಆದರೆ ಸ್ಥಳೀಯ ಪಂದ್ಯಗಳ ವೀಕ್ಷಕ ವಿವರಣೆಗೆ ಕೇಂದ್ರ ಸರ್ಕಾರದ 2011ರ ಎಫ್‌ಎಂ ನೀತಿಯಲ್ಲಿ ಅವಕಾಶವಿದೆ. ನನ್ನ ಆಸೆ ಈಗ ಅಲ್ಲಿದೆ. ಮುಂದಿನ ತಿಂಗಳು ಕಬಡ್ಡಿ ವಿವರಣೆಯ ಮಾದರಿ ಧ್ವನಿಮುದ್ರಿಕೆ ಹಿಡಿದು ಮಂಗಳೂರಿಗೆ ಹೋಗುತ್ತಿದ್ದೇನೆ.